ಗಾರೆಯ ಮೇಲಿನ ಹೆಬ್ಬೆರಳು

ಮೊದಲ ಗುರುತು ಕಂಡ ಬೆಳಿಗ್ಗೆ ಅವಳು ಏಣಿಯ ಮೇಲೆ ನಿಂತಲ್ಲೇ ಅತ್ತುಬಿಟ್ಟಳು.

ಹಿಂದಿನ ದಿನ ತಾನೇ ಕಲ್ಲಿನ ಸಂದಿಗೆ ತುಂಬಿದ್ದ ಸುಣ್ಣದ ಗಾರೆ. ಅದರಲ್ಲಿ ಒಂದು ಹೆಬ್ಬೆರಳು ಒತ್ತಿದ ಗುರುತು. ಗಂಡಸಿನದು, ಅದು ವಾಲಿದ ಓರೆ ನೋಡಿದರೆ ಎಡಗೈಯದು. ಗಾರೆ ಗಟ್ಟಿಯಾಯಿತೋ ಇಲ್ಲವೋ ಎಂದು ಹಾಗೆ ಒತ್ತಿ ನೋಡುವುದು ಈ ಕಸುಬಿನವರ ರೂಢಿ. ಆದರೆ ಎಡಗೈಯಲ್ಲಿ ಒತ್ತುತ್ತಿದ್ದವನು ಅವಳು ಕಂಡಂತೆ ಒಬ್ಬನೇ, ಅವಳ ಗಂಡ. ಅವನು ಜ್ವರದಲ್ಲಿ ತೀರಿಕೊಂಡು ಎರಡು ವರ್ಷವಾಗಿತ್ತು.

ಅದು ಎಂದೋ ಮುಳುಗಿದ ಹಡಗಿನಲ್ಲಿ ಸತ್ತವರ ನೆನಪಿಗೆ ಬೆಳೆಸಿದ ತೋಟ. ಸುತ್ತ ಆಳೆತ್ತರ ಮೀರಿದ ಕಲ್ಲುಗೋಡೆ, ನಾಲ್ಕು ದಿಕ್ಕಿಗೆ ನಾಲ್ಕು ಕಬ್ಬಿಣದ ಗೇಟು. ಎಲ್ಲವೂ ಸಂರಕ್ಷಿತ. ಸಿಮೆಂಟು ಸೋಕುವಂತಿಲ್ಲ, ಒಂದು ಕಲ್ಲೂ ಜಾಗ ಬದಲಿಸುವಂತಿಲ್ಲ. ಗಂಡ ಪೂರ್ವದ ಗೋಡೆಯ ದುರಸ್ತಿ ಮುಗಿಸಿ, ಪಶ್ಚಿಮದ್ದನ್ನು ಅರ್ಧಕ್ಕೆ ಬಿಟ್ಟು ಹೋಗಿದ್ದ. ಉಳಿದರ್ಧವನ್ನು ಅವಳು ಹಟ ಹಿಡಿದು ವಹಿಸಿಕೊಂಡಿದ್ದಳು.

ಆಮೇಲೆ ದಿನಕ್ಕೊಂದು ಗುರುತು. ಅವಳು ಗೋಡೆಯ ಜೊತೆ ಮಾತಿಗೂ ಶುರುವಿಟ್ಟಳು.

"ನಿನ್ನೆ ಮರಳು ಜಾಸ್ತಿ ಆಯ್ತಾ? ಹೇಳಬಾರ್ದಾ? ಬದುಕಿದ್ದಾಗ ನಿಂಗೆ ಬಾಯಿಗೆ ಬಿಡುವೇ ಇರ್ಲಿಲ್ಲ!"

ಸುಣ್ಣ ಕಲಸುವವಳಿಗೆ ಇಸ್ತ್ರಿ ಬಟ್ಟೆ ಯಾಕಮ್ಮಾ ಎಂದು ಅತ್ತೆ ಕೇಳಿದರೆ ನಕ್ಕು ಹೊರಟುಬಿಡುತ್ತಿದ್ದಳು.

ಅಲ್ಲಿ ಬೆಳಿಗ್ಗೆ ಗೇಟು ತೆರೆದು ಸಂಜೆ ಬೀಗ ಹಾಕುವವನೊಬ್ಬನಿದ್ದ. ಎಲ್ಲರ ಬಾಯಲ್ಲೂ 'ಬೀಗದವರು'. ವಯಸ್ಸು ನಲವತ್ತರ ಆಸುಪಾಸು, ಮದುವೆಯಿಲ್ಲ, ಮಾತು ಕಡಿಮೆ. ಅವನಿಗಿಂತ ಮೊದಲು ಅವನ ಕೀಲಿಗೊಂಚಲಿನ ಸದ್ದು ಬರುತ್ತಿತ್ತು.

"ಬೀಗದವರೇ, ಈ ಗೇಟು ಯಾಕೆ ಹೀಗೆ ಕಿರುಚುತ್ತೆ? ಎಣ್ಣೆ ತೋರಿಸಲ್ವಾ?"

"ನಿನ್ನೆ ತಾನೇ ಹಾಕಿದೆ. ನಿಮ್ಮನ್ನ ಕಂಡ್ರೆ ಹಾಗಾಡುತ್ತೆ."

"ಯಾರು, ಗೇಟಾ?"

"ಗೇಟೇ," ಎಂದವನ ಕಿವಿ ಕೆಂಪಗಾಯಿತು. ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಮಾತ್ರ ಯಾರೋ ನೋಡುತ್ತಿದ್ದಾರೆನಿಸಿ, ಗೋಡೆಯ ಕಡೆ ಕಳ್ಳಿಯ ಹಾಗೆ ಕಣ್ಣು ಹಾಯಿಸಿದಳು.

ಮೂರನೆಯ ವಾರ ಸಂರಕ್ಷಣಾ ಇಲಾಖೆಯ ಇನ್‌ಸ್ಪೆಕ್ಟರ್ ಮೇಡಂ ಬಂದರು. ಹಳೆಯ ಫೋಟೋಗಳನ್ನು ಗೋಡೆಗೆ ಹಿಡಿದು ನೋಡಿದರು.

"ಈ ಗುಂಡಿಗಳು ಇದರಲ್ಲಿ ಎಲ್ಲೂ ಇಲ್ವಲ್ಲ. ಶನಿವಾರದೊಳಗೆ ಮುಚ್ಚಿ. ಇಲ್ಲಾಂದ್ರೆ ಕೆಲಸ ಬೇರೆಯವರಿಗೆ ಹೋಗುತ್ತೆ."

"ಹೋಗಲಿ. ನಾನಂತೂ ಮುಚ್ಚಲ್ಲ."

ಮೇಡಂ ಹುಬ್ಬೇರಿಸಿ ಹೊರಟರು. ಬೀಗದವನು ಓಡಿ ಬಂದ. "ನಿಮಗೇನು ತಲೆ ಕೆಟ್ಟಿದ್ಯಾ? ಕೈಯಲ್ಲಿರೋ ಅನ್ನ ಚೆಲ್ತಾರಾ ಯಾರಾದ್ರೂ?"

"ಯಾರಿಗೂ ಹೇಳಬೇಡಿ," ಅವಳ ದನಿ ಇಳಿಯಿತು. "ನಮ್ಮವರು ಬರ್ತಾರೆ. ಇವು ಅವರ ಬೆರಳು. ಮುಚ್ಚಿಬಿಟ್ರೆ ಇನ್ನು ಬರೋದೇ ಇಲ್ಲ."

ಅವನ ಕೈಯಿಂದ ಕೀಲಿಗೊಂಚಲು ಕೆಳಗೆ ಬಿತ್ತು.

"ಅಯ್ಯೋ, ಹೆದರಬೇಡಿ! ಬದುಕಿದ್ದಾಗಲೂ ಅವರು ಒಂದು ಇರುವೆಗೆ ನೋವು ಮಾಡಿದವರಲ್ಲ."

ಮರುದಿನ ಗುರುತಿರಲಿಲ್ಲ. ಅದರ ಮರುದಿನವೂ ಇಲ್ಲ. ಅವಳಿಗೆ ಊಟ ಸೇರಲಿಲ್ಲ, ಕೈ ಓಡಲಿಲ್ಲ. ಶುಕ್ರವಾರ ಸಂಜೆ ಬೀಗ ಹಾಕುವ ಹೊತ್ತಾದರೂ ಗೋಡೆಯ ಬುಡ ಬಿಟ್ಟು ಏಳಲಿಲ್ಲ.

"ಮನೆಗೆ ಹೋಗಲ್ವಾ?" ಎಂದ ಅವನು.

"ನನ್ನ ಹತ್ರ ಮಾತಾಡಬೇಡಿ. ನಿಮ್ಮ ಜೊತೆ ಹಲ್ಲು ಕಿರಿದೆನಲ್ಲ, ಅದಕ್ಕೇ ಕೋಪ ಮಾಡ್ಕೊಂಡು ಹೋಗಿಬಿಟ್ರು."

ಅವನು ಎದುರಿಗೆ ಕುಳಿತ. "ಅವರಲ್ಲ. ನಾನು."

"ಏನು ನೀವು?"

"ಪೂರ್ವದ ಗೋಡೆ ಮಾಡುವಾಗ ಅವರೇ ನನಗೆ ಹೇಳಿಕೊಟ್ಟಿದ್ರು. ಬಿಸಿಲು ಜೋರಿದ್ದ ದಿನ ಗಾರೆ ಮೇಲೆ ಹೊದಿಸಿದ ಗೋಣಿಗೆ ಇನ್ನೊಂದು ಸಲ ನೀರು ಚಿಮುಕಿಸು, ಹದ ನೋಡು ಅಂತ. ನೀವು ಹೋದಮೇಲೆ ನಾಲ್ಕೂ ಗೇಟು ಹಾಕಿ ಬರ್ತಿದ್ದೆ. ಬಲಗೈಯಲ್ಲಿ ಕೀಲಿ ಇರುತ್ತೆ. ಅದಕ್ಕೇ ಎಡಗೈ."

ಅವಳು ಎದ್ದು ಅವನ ಎಡಗೈ ಹಿಡಿದೆಳೆದಳು. ಕೈಗೆಟುಕಿದ ಒಂದು ಗುರುತಿಗೆ ಅವನ ಹೆಬ್ಬೆರಳನ್ನು ಒತ್ತಿ ಹಿಡಿದಳು. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಹಿಡಿದ ಕೈ ಬೆಚ್ಚಗಿತ್ತು.

"ಒಂದೇ ಒಂದು ದಿನವಾದ್ರೂ... ನೀವು ಬರೋಕೆ ಮುಂಚೆಯೇ ಗುರುತು ಇತ್ತಾ?"

ಒಂದು ಸುಳ್ಳು ಹೇಳಲಿ ದೇವರೇ ಎಂದು ಅವಳು ಬೇಡಿಕೊಂಡಳು.

"ಇಲ್ಲ," ಎಂದ.

"ಯಾಕೆ ಹೇಳಿದ್ರಿ? ಸುಮ್ಮನೆ ಒತ್ಕೊಂಡು ಹೋಗಿದ್ರೆ ನಾನು ಹೇಗೋ ಇರ್ತಿದ್ದೆ!"

"ನೀವು ಇರ್ತಿದ್ರಿ. ನಾನು ಸತ್ತವರ ಹೆಸರು ಹೊತ್ಕೊಂಡು ನಿಮ್ಮ ಹತ್ರ ಬರಬೇಕಾಗ್ತಿತ್ತು. ನನ್ನಿಂದಾಗಲ್ಲ. ನಿಮ್ಮ ಮೇಲೆ ನನಗೆ ಆಸೆ ಇದೆ. ಬೈಸ್ಕೊಂಡ್ರೂ ನನ್ನ ಹೆಸರಲ್ಲೇ ಬೈಸ್ಕೋತೀನಿ."

ಅವಳು ಗೋಡೆಗೆ ಹಣೆ ಹಚ್ಚಿ ಅತ್ತಳು. ಗಂಡ ಸತ್ತ ದಿನ ಅತ್ತದ್ದಕ್ಕಿಂತ ಹೆಚ್ಚು. ಎರಡು ವರ್ಷದ ಹಿಂದೆ ಹೋದವನು ಅವಳ ಪಾಲಿಗೆ ಈಗ ಹೋದ. ಕಿವಿಗೊಟ್ಟು ಕೇಳಿದಳು. ಕಲ್ಲು ಬರೀ ಕಲ್ಲಾಗಿತ್ತು.

ಶನಿವಾರ ಬೆಳಿಗ್ಗೆ ಅವಳೇ ಗಾರೆ ಕಲಸಿದಳು. ಅವನು ಏಣಿ ಹಿಡಿದ. ಒಂದೊಂದೇ ಗುರುತು ಮುಚ್ಚುತ್ತಾ ಬಂದಳು. ಕೊನೆಯದರ ಮುಂದೆ ಕೈ ನಿಂತಿತು. ಅವನೂ ಏಣಿ ಅಲುಗದಂತೆ ನಿಂತ. ಅದನ್ನೂ ಮುಚ್ಚಿ, ಕರಣೆಯಿಂದ ಸಮ ಮಾಡಿ ಕೆಳಗಿಳಿದಳು.

"ಇನ್ಮೇಲೆ ಸಂಜೆ ನಾನು ಹೋದಮೇಲೆ ಈ ಗೋಡೆ ಹತ್ರ ಬರಬೇಡಿ," ಎಂದಳು.

"ಸರಿ." ಅವನು ತಲೆ ತಗ್ಗಿಸಿದ.

ಅವಳು ಬಕೆಟ್ಟಿನಲ್ಲಿ ಕೈ ತೊಳೆದುಕೊಂಡಳು. ಮುಖವನ್ನೂ ತೊಳೆದುಕೊಂಡಳು. ಒರೆಸಿಕೊಳ್ಳದೆಯೇ ಅವನ ಕಡೆ ತಿರುಗಿದಳು.

"ನಾನಿರೋವಾಗ ಬನ್ನಿ."