ಗವಯ ಹಡಗಿನ ಹರಿದ ಹಾಳೆ

ಪ್ರತಿಭಾ ಬಂದಾಗ ನಾನು ಶೈಲಜಮ್ಮನವರ ಜಗಲಿಯಲ್ಲಿ ತೂಕಡಿಸುತ್ತಿದ್ದೆ. ಬಸವನಗುಡಿಯ ಮಧ್ಯಾಹ್ನಗಳೇ ಹಾಗೆ, ತಪ್ಪು ನನ್ನದಲ್ಲ. ನಾನು ಮೂರ್ತಿ, ಅವರ ಮಹಡಿಯ ಬಾಡಿಗೆದಾರ. ಅವರು ನಿವೃತ್ತ ಹೋಮ್ ಸೈನ್ಸ್ ಟೀಚರ್. ಸುತ್ತಲಿನ ಬೀದಿಗಳ ಕಳವು, ಮೋಸಗಳೆಲ್ಲ ಕೊನೆಗೆ ಬರುವುದು ಅವರ ಬಾಗಿಲಿಗೇ.

"ಅಪ್ಪ ಬರೆದ ಪುಸ್ತಕದಿಂದ ಒಂದು ಹಾಳೆ ಹರ್ಕೊಂಡು ಹೋಗಿದಾರೆ, ಮೇಡಂ," ಎಂದಳು ಪ್ರತಿಭಾ.

ಅವಳ ತಂದೆ ರಾಮಾಂಜಿನಪ್ಪ ನೌಕಾಪಡೆಯ 'ಗವಯ' ಹಡಗಿನಲ್ಲಿ ಇಪ್ಪತ್ತು ವರ್ಷ ದುಡಿದವರು. ಅದರ ಸೇವೆಯ ಕತೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಆರು ತಿಂಗಳ ಹಿಂದೆ ತೀರಿಕೊಂಡಿದ್ದರು. ಈ ವರ್ಷ ಹಡಗೂ ನಿವೃತ್ತಿಯಾಗಿತ್ತು. ಭಾನುವಾರ ಚಾಮರಾಜಪೇಟೆಯ ಅವಳ ಮನೆಯಲ್ಲಿ ಹಳೆಯ ನಾವಿಕರು ಸೇರುವವರಿದ್ದರು, ಅವಳು ಅದನ್ನು ಓದಬೇಕಿತ್ತು.

"ಚಂಡಮಾರುತ ಆದ್ಮೇಲೆ ದ್ವೀಪದಿಂದ ಜನರನ್ನ ತಂದ ದಿನದ ಹಾಳೆನೇ ಇಲ್ಲ. ಆ ದಿನದ ಬಗ್ಗೆ ಅಪ್ಪ ಒಂದ್ಸಲನೂ ಬಾಯಿಬಿಡ್ಲಿಲ್ಲ. ಅವ್ರು ಏನಾದ್ರೂ ತಪ್ಪು ಮಾಡಿದ್ರಾ ಅಂತ ನನಗೆ ಗೊತ್ತಾಗ್ಬೇಕು."

ಹಾಳೆ ಕಳೆದ ದಿನ ಮೂವರು ಬಂದಿದ್ದರು: ಪುಸ್ತಕ ಅಚ್ಚು ಹಾಕಿಸಲಿದ್ದ ಅನಿಲ್ ಕುಮಾರ್, ಅವಳ ಚಿಕ್ಕಪ್ಪನ ಮಗ ಗೌರೀಶ್, ಮತ್ತು ಅಪ್ಪನ ವಾಕಿಂಗ್ ಗೆಳೆಯ ವೆಂಕಟಪ್ಪ. ಮೂವರೂ ನೋಟ್‌ಬುಕ್ ಇದ್ದ ಕೋಣೆಯಲ್ಲಿ ಸ್ವಲ್ಪ ಹೊತ್ತು ಒಬ್ಬೊಬ್ಬರೇ ಕೂತು ಕಾಫಿ ಕುಡಿದಿದ್ದರು. ತಾವು ಎಂದೂ ಆ ಹಡಗು ಹತ್ತಿದವರಲ್ಲ ಎಂದು ಮೂವರೂ ಹೇಳಿದ್ದರು.

ಸಂಜೆ ಅವಳು ಬಿಟ್ಟುಹೋದ ನೋಟ್‌ಬುಕ್ಕನ್ನು ಶೈಲಜಮ್ಮನವರಿಗೆ ಗಟ್ಟಿಯಾಗಿ ಓದಿದೆ. ಮರಳಿನವರೆಗೂ ಬರಲೆಂದು ಗವಯದ ತಳ ಚಪ್ಪಟೆ. ದಡ ಮುಟ್ಟಿದರೆ ಮುಂದಿನ ಬಾಗಿಲು ಸೇತುವೆಯಾಗಿ ಮರಳಿಗಿಳಿಯುತ್ತದೆ. ಆ ತಳದಿಂದಲೇ ನಡುಗಡಲಿನಲ್ಲಿ ವಿಪರೀತ ಹೊಯ್ದಾಟ. ತಟ್ಟೆ ಲೋಟ ಜಾರದಂತೆ ಒದ್ದೆ ಬಟ್ಟೆ ಹಾಸಿ ಇಡುತ್ತಿದ್ದರಂತೆ. ಸಮುದ್ರವನ್ನೇ ಕಾಣದ ನನಗೆ ಜಗಲಿಯೇ ಮೆಲ್ಲಗೆ ತೂಗಿದಂತಾಯಿತು, ಆ ತೂಗಾಟ ಬಹಳ ಹಿತವಾಗಿತ್ತು.

ಮರುದಿನ ಪ್ರತಿಭಾಳ ಮನೆಯಲ್ಲಿ ಶೈಲಜಮ್ಮ ಆ ಕೋಣೆಯ ಮೇಜನ್ನೇ ನೋಡುತ್ತಾ ನಿಂತರು. ಎರಡು ದುಂಡು ಕಲೆ, ಒಂದು ಬಿಳಿಚಿದ ಚೌಕ ಕಲೆ.

"ಪಾಲಿಶ್ ಯಾವಾಗ ಮಾಡಿಸಿದ್ದಮ್ಮಾ?"

"ಹೋದ ವಾರ, ಅವ್ರೆಲ್ಲ ಬರೋ ಹಿಂದಿನ ದಿನ."

ಶನಿವಾರ ಸಂಜೆ ಮೂವರನ್ನೂ ಅಲ್ಲಿಗೇ ಕರೆಸಿ ನೀರು, ಕಾಫಿ ಕೊಟ್ಟರು. ಮಾತಿನ ನಡುವೆ ವೆಂಕಟಪ್ಪ ಕರವಸ್ತ್ರವನ್ನು ನೀರಿನ ಲೋಟದಲ್ಲಿ ಅದ್ದಿ ಹಿಂಡಿ, ಮೇಜಿನ ಮೇಲೆ ಮಡಿಚಿಟ್ಟು, ಅದರ ಮೇಲೆ ಕಾಫಿ ಲೋಟವಿಟ್ಟರು. ತಾವು ಹಾಗೆ ಮಾಡಿದ್ದು ಅವರಿಗೇ ಗೊತ್ತಾಗಲಿಲ್ಲ.

"ಬಿಸಿ ಲೋಟದಡಿ ಒದ್ದೆ ಬಟ್ಟೆ ಇಟ್ರೆ ಪಾಲಿಶ್ ಚೌಕವಾಗಿ ಬಿಳಿಚುತ್ತೆ," ಎಂದರು ಶೈಲಜಮ್ಮ. "ಪಾಲಿಶ್ ಹೊಸದು, ಹಾಗಾಗಿ ಕಲೆ ರಾಮಾಂಜಿನಪ್ಪನವರದಲ್ಲ. ಅಲುಗಾಡದ ಮೇಜಿನ ಮೇಲೂ ಹಾಗಿಡೋರು ಆ ಹಡಗಲ್ಲಿದ್ದೋರು. ಅದನ್ನ ಮುಚ್ಚಿಟ್ಟೋರಿಗೆ ಆ ದಿನದ ಹಾಳೆ ಬೇಕಾಗಿತ್ತು. ಅಲ್ವಾ, ವೆಂಕಟಪ್ಪನೋರೇ?"

ವೆಂಕಟಪ್ಪ ಲೋಟದಡಿಯ ಕರವಸ್ತ್ರವನ್ನು ನೋಡಿದರು. ನಂತರ ಜೇಬಿನಿಂದ ಹಾಳೆ ತೆಗೆದರು.

"ಬಾಗಿಲೆತ್ತೋ ಕೆಲಸ ನಂದಾಗಿತ್ತಮ್ಮ, ಪ್ರತಿಭಾ. ಮುನ್ನೂರು ಜನ ಒಳಗಿದ್ರು, ನೀರು ಇಳೀತಿತ್ತು. ಮರಳಲ್ಲಿ ಸಿಕ್ಕಿಹಾಕ್ಕೋತೀವಿ ಅಂತ ಹೆದರಿ, ಅಪ್ಪಣೆಗೂ ಕಾಯದೆ ಎತ್ತಿಬಿಟ್ಟೆ. ಒಬ್ಬ ಮುದುಕ ಓಡಿ ಬರ್ತಿದ್ದ, ಅಲ್ಲೇ ಉಳ್ಕೊಂಡ. ನನ್ನ ಉಳಿಸೋಕೆ ನಿಮ್ಮಪ್ಪ ತಾನೇ ಎತ್ತಿದ್ದು ಅಂತ ಹೇಳಿ ಶಿಕ್ಷೆ ತಗೊಂಡ. ಇಲ್ಲೂ ಹಾಗೇ ಬರೆದಿದಾನೆ. ನೀನು ಇದನ್ನ ಓದಿ ಅವನನ್ನ ತಪ್ಪಿತಸ್ಥ ಅಂದ್ಕೋಬಾರ್ದು ಅಂತ ಹರಿದೆ. ನಾನೇ ಅಂತ ಹೇಳೋಕೆ ಧೈರ್ಯ ಬರ್ಲಿಲ್ಲ."

ಪ್ರತಿಭಾ ಅತ್ತಳು. ಅಪ್ಪ ತಪ್ಪು ಮಾಡಿರಲಿಲ್ಲವೆಂಬ ಸಂತೋಷಕ್ಕೋ, ಇಷ್ಟು ವರ್ಷ ಒಬ್ಬರೇ ಹೊತ್ತರಲ್ಲ ಎಂಬ ಸಂಕಟಕ್ಕೋ, ನನಗಂತೂ ತಿಳಿಯಲಿಲ್ಲ. ಆಮೇಲೆ ಹಾಳೆಯನ್ನು ಅವರ ಕೈಗೇ ಕೊಟ್ಟಳು. "ನಾಳೆ ಈ ಪುಟ ನೀವೇ ಓದಿ."

ಭಾನುವಾರ ಹಳೆಯ ನಾವಿಕರ ಮುಂದೆ ವೆಂಕಟಪ್ಪ ಎದ್ದು ನಿಂತರು. 'ಬಾಗಿಲೆತ್ತಿದವನು ರಾಮಾಂಜಿನಪ್ಪ' ಎಂದಿದ್ದ ಸಾಲಿಗೆ ಬಂದರು.

"ಬಾಗಿಲೆತ್ತಿದವನು ವೆಂಕಟಪ್ಪ," ಎಂದು ಓದಿದರು.

ಪ್ರತಿಭಾ ಒಳಗೆ ಹೋಗಿ ಒಂದು ಬಟ್ಟೆಯನ್ನು ಒದ್ದೆ ಮಾಡಿ ತಂದಳು. ಅವರ ಮುಂದೆ ಅದನ್ನು ಹಾಸಿ, ಮೇಲೆ ಕಾಫಿ ಲೋಟವಿಟ್ಟಳು.