ನೆನೆಯದ ಮಣ್ಣು

ಮಣ್ಣು ಮಾಡಿ ಬಂದ ಐದನೆಯ ದಿನ ಬೆಳಿಗ್ಗೆ ಮನೆಯಲ್ಲಿ ಯಾರೂ ಅಳಲಿಲ್ಲ. ನೆಂಟರು ಹಿಂದಿನ ಸಂಜೆಯ ಬಸ್ಸಿಗೆ ಹೋಗಿದ್ದರು. ಹಾಲಿನ ದ್ಯಾಮಕ್ಕ ಎಂದಿನ ಹೊತ್ತಿಗೆ ಬಂದು, "ಎಷ್ಟು ಹಾಕ್ಲಿ ಯವ್ವಾ?" ಎಂದಳು. ದಿನಾ ಒಂದು ಸೇರು ಹಾಕುತ್ತಿದ್ದವಳು ಅಳತೆ ಕೇಳಿದ್ದು ಅದೇ ಮೊದಲು. ಅವಳೇ ಅರ್ಧ ಸೇರು ಹಾಕಿ ಹೋದಳು.

ಅವಳ ಹಿಂದೆಯೇ ಸುಂಕಮ್ಮಕ್ಕ ಬಂದರು. ಅವರ ಬೆನ್ನಿಗೆ ಹುಲುಗಮ್ಮ ನಿಂತಿದ್ದಳು. ನನ್ನ ಗಂಡನ ಸಾವಿಗೆ ಕಾರಣನೆಂದು ಪೊಲೀಸರು ಠಾಣೆಯಲ್ಲಿ ಕೂಡಿಹಾಕಿದ್ದ ದುರುಗಪ್ಪ ಅವಳ ಗಂಡ.

ಸುಂಕಮ್ಮಕ್ಕ ಮೂವತ್ತು ವರ್ಷ ಸರಕಾರಿ ನರ್ಸಾಗಿ ಕೂಡ್ಲಿಗಿ ತಾಲ್ಲೂಕಿನ ಹಳ್ಳಿಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿದವರು. ನಿವೃತ್ತಿಯಾದ ಮೇಲೆ ನಮ್ಮ ಓಣಿಯಲ್ಲೇ ಉಳಿದರು. ಬಿಡಿಸಲಾಗದ ಗಂಟು ಬಂದರೆ ಪೊಲೀಸರೂ ಅವರ ಕಟ್ಟೆಗೆ ಬರುತ್ತಿದ್ದರು. ನೀಲಗುಂದದ ಬಾವಿಯ ವಿಷಯದಲ್ಲಿ, ಅರಸೀಕೆರೆಯ ಸಂತೆಯಲ್ಲಿ ಕಳೆದ ಕೂಸಿನ ವಿಷಯದಲ್ಲಿ ನಾನು ಜೊತೆಗೆ ಹೋಗಿ ಎಲ್ಲ ಬರೆದುಕೊಂಡಿದ್ದೆ. ನನ್ನ ಧಾರವಾಡದ ಎಂ.ಎ. ಅದಕ್ಕಾದರೂ ಬಳಕೆಗೆ ಬಂತಲ್ಲ ಎಂದು ನನ್ನ ಗಂಡ ಶಿವಯೋಗಪ್ಪ ನಗುತ್ತಿದ್ದರು. ಅವರು ಪಿಯುಸಿಗೆ ಬಿಟ್ಟು ಒಕ್ಕಲುತನಕ್ಕೆ ಇಳಿದವರು. ಬೆಲ್ಲ ಕಟ್ಟಿಕೊಟ್ಟ ರದ್ದಿ ಕಾಗದದಲ್ಲಿ ಇಂಗ್ಲಿಷ್ ಇದ್ದರೆ ಬಿಡಿಸಿ ನನ್ನಿಂದ ಓದಿಸುತ್ತಿದ್ದರು.

ಹುಲುಗಮ್ಮ ಹೊಸ್ತಿಲ ಆಚೆಯೇ ಕುಳಿತಳು.

"ನಿಮ್ಮ ಮುಂದ ಬರಾಕ ಮುಖ ಇಲ್ರಿ ಅಕ್ಕಾರ. ನಾಡಿದ್ದು ಅವನ್ನ ಬಳ್ಳಾರಿ ಜೈಲಿಗೆ ಒಯ್ತಾರಂತ. ಅಲ್ಲಿಗೆ ಹ್ವಾದ್ರ ನಮ್ಮಂಥವ್ರಿಗೆ ಯಾರದಾರ? ಬಾಯಿ ಬಿಡೋ ಅಂದ್ರ ಬಿಡವಲ್ಲ."

"ಏನೂ ಅಂದಿಲ್ಲೇನು?" ಎಂದರು ಸುಂಕಮ್ಮಕ್ಕ.

"ಬೋನು ನಂದು, ಇಟ್ಟಾವ ನಾ ಅಲ್ಲ. ಇಷ್ಟ. ಮತ್ಯಾರು ಅಂದ್ರ ಗ್ವಾಡಿ ನೋಡ್ತಾನ."

ಸುಂಕಮ್ಮಕ್ಕ ನನ್ನತ್ತ ತಿರುಗಿದರು. "ತಂಗಿ, ನೀ ಬ್ಯಾಡಂದ್ರ ನಾ ಕೈ ಹಾಕಂಗಿಲ್ಲ."

"ನಡೀರಿ" ಎಂದೆ. ಮನೆಯಲ್ಲಿ ಕುಳಿತು ಮಾಡುವುದೇನೂ ಇರಲಿಲ್ಲ.

ಅದು ೧೯೭೯ರ ಮಳೆಗಾಲ. ನಮ್ಮೂರು ಕೊಟ್ಟೂರಿನಿಂದ ಆರು ಮೈಲಿ. ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಗುಡ್ಡದ ಹಂದಿಗಳು ಇಳಿದು ಸಾಲುಸಾಲೇ ಅಗೆದುಹಾಕುತ್ತಿದ್ದವು. ನಮ್ಮದು ಲಿಂಗ ಕಟ್ಟಿದ ಮನೆ. ಹಂದಿ ಓಡಿಸಲು ಡಬ್ಬ ಬಾರಿಸಬಹುದು, ಬೋನಿಡುವ ಮಾತಿಲ್ಲ. ಬೋನಿಡುವುದು ದುರುಗಪ್ಪನಂಥವರ ಕಸುಬು.

ಆ ವಾರ ನಾನು ಹರಪನಹಳ್ಳಿಯ ತವರಿನಲ್ಲಿದ್ದೆ. ಶನಿವಾರ ಸಂಜೆಯಿಂದ ಜಡಿಮಳೆ. ಭಾನುವಾರ ಬೆಳಿಗ್ಗೆ, ಬೇರೆ ಮನೆ ಮಾಡಿದ್ದ ಭಾವ, ನನ್ನ ಗಂಡನ ಅಣ್ಣ ಜಂಬಣ್ಣನವರು ಹೊಲಕ್ಕೆ ಹೋದಾಗ ಶಿವಯೋಗಪ್ಪ ಬದುವಿನ ಕಂಡಿಯಲ್ಲಿ ಬಿದ್ದಿದ್ದರಂತೆ. ಬಲಗಾಲು ಕಬ್ಬಿಣದ ಬೋನಿನ ಎರಡು ದವಡೆಗಳ ನಡುವೆ ಸಿಕ್ಕಿತ್ತು. ತಲೆ ಬದುವಿನ ಕಲ್ಲಿಗೆ ಬಡಿದಿತ್ತು. ಹಿಂದಿನ ಸಂಜೆ ದುರುಗಪ್ಪ ಅಲ್ಲೇ ಸುಳಿಯುತ್ತಿದ್ದುದನ್ನು ಕಂಡೆನೆಂದು ಭಾವ ಹೇಳಿಕೆ ಕೊಟ್ಟರು. ಬೋನಿನ ಮೇಲೆ ದುರುಗಪ್ಪನ ಗುರುತಿತ್ತು. ಅಷ್ಟು ಸಾಕಾಯಿತು.

ದಫೇದಾರ ಓಬಳೇಶ ನಮ್ಮನ್ನು ಹೊಲಕ್ಕೆ ಕರೆದೊಯ್ದ. ಬದುವಿನಲ್ಲಿ ಹತ್ತು ಹತ್ತು ಹೆಜ್ಜೆಗೆ ಮೂರು ಕಂಡಿಗಳಿದ್ದವು, ಮೂರೂ ಒಂದೇ ಥರ. ಬೋನು ಇದ್ದದ್ದು ನಡುವಿನದರಲ್ಲಿ. ಐದು ದಿನದಲ್ಲಿ ಎರಡು ಸಲ ಮಳೆ ಬಿದ್ದು ಸುತ್ತಲಿನ ನೆಲ ಕಪ್ಪಗೆ ನೆಂದಿತ್ತು. ಬೋನು ಕಿತ್ತ ಗುಂಡಿಯಲ್ಲಿ ಉಳಿದ ಮಣ್ಣು ಮಾತ್ರ ಬೂದು ಬಣ್ಣದ್ದು, ಸಡಿಲ, ಪುಡಿಪುಡಿ.

"ಪಂಚನಾಮೆದಾಗ 'ಒಣಮಣ್ಣು' ಅಂತ ಬರ್ದೀನಿ" ಎಂದ ಓಬಳೇಶ. "ಅದಕ್ಕಿಂತ ಹೆಚ್ಚು ಬರ್ಯಾಕ ಏನೈತಿ?"

"ಮಳ್ಯಾಗ ಒಣಮಣ್ಣು ಎಲ್ಲಿಂದ ಬಂತೋ ದಫೇದಾರ?" ಸುಂಕಮ್ಮಕ್ಕ ಹತ್ತಿರದಲ್ಲಿ ಮಳೆನೀರು ನಿಂತ ಕುಣಿಯಿಂದ ಬೊಗಸೆ ನೀರು ತಂದು ಸುರಿದರು. ನೀರು ಇಂಗಲಿಲ್ಲ. ತಾವರೆಯೆಲೆಯ ಮೇಲಿನಂತೆ ಹನಿಹನಿಯಾಗಿ ಉರುಳಿ ಅಂಚಿಗೆ ಹೋಯಿತು. ಅವರು ಒಂದು ಹಿಡಿ ಮಣ್ಣು ಮೂಸಿ ನನ್ನ ಮೂಗಿಗೆ ಹಿಡಿದರು. ಸೀಮೆಎಣ್ಣೆಯ ವಾಸನೆ. ಬೆರಳಿಗೆ ಸಿಕ್ಕ ಒಂದು ತುಂಡು ಬಿಳಿ ನೂಲನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡರು.

ಗುಂಡಿಯ ಪಕ್ಕ ಗೇಣುದ್ದದ ಜೋಳದ ದಂಟೊಂದು ನೆಟ್ಟಗೆ ನಿಂತಿತ್ತು. ಅದರ ತುದಿಯನ್ನು ಯಾವುದೋ ಆಡು ಕಡಿದಿತ್ತು.

"ಶೇಂಗಾ ಹೊಲದಾಗ ಜೋಳದ ದಂಟು" ಎಂದರು ಸುಂಕಮ್ಮಕ್ಕ. "ಓಬಳೇಶಾ, ನಿಮ್ಮಪ್ಪನೂ ಬ್ಯಾಟಿ ಆಡ್ತಿದ್ದ. ಬೋನು ಇಟ್ಟಲ್ಲಿ ಗುರುತಿಗೆ ಏನು ನೆಡ್ತಿದ್ದ?"

"ಬಂದರಿಕಿ ಟೊಂಗಿರಿ. ಆಡು ಅದರ ತಂಟಿಗೆ ಹೋಗಂಗಿಲ್ಲ."

ಅಷ್ಟರಲ್ಲಿ ಜಂಬಣ್ಣನವರು ಬಂದರು. ಗಡ್ಡ ಬೆಳೆದಿತ್ತು. ನನ್ನನ್ನು ನೋಡಲಿಲ್ಲ.

"ಸತ್ತಾವ ಸತ್ತ. ಇನ್ನೇನು ಹುಡುಕ್ತೀರಿ ನರ್ಸಮ್ಮಾರ?"

"ಈ ಮಣ್ಣು ನೋಡಾಕ ಬಂದಿದ್ದೆ."

"ಆ ಮಂದಿ ಕಸುಬ ಅದು. ಮೇಣ ಕಲಸಿದ ಮಣ್ಣು ಮುಚ್ಚಿರ್ತಾರ. ಮಳಿ ಆದ್ರೂ ಬೋನು ಕಚ್ಚಬೇಕಲ್ಲ."

ಸುಂಕಮ್ಮಕ್ಕ ತಲೆಯಾಡಿಸಿದರು.

ಆ ಸಂಜೆ ಕರೆಂಟು ಹೋಯಿತು. ತವರಿಗೆ ಹೋಗುವ ಮುನ್ನ ತಂದಿಟ್ಟಿದ್ದ ಎರಡು ಪೊಟ್ಟಣ ಮೇಣದಬತ್ತಿ ಹುಡುಕಿದೆ, ಸಿಗಲಿಲ್ಲ. ಕಂದೀಲು ಹಚ್ಚಿದೆ. ಸುಂಕಮ್ಮಕ್ಕ ಚೊಂಬಿನಲ್ಲಿ ನೀರು ತುಂಬಿಕೊಂಡು ಹಿತ್ತಲಿಗೆ ಹೊರಟರು. ಬೇರೆ ಜಾತಿಯವರೆಂದು ಸುಂಕಮ್ಮಕ್ಕನನ್ನು ನನ್ನ ಅತ್ತೆ ನಾಗಲಿಂಗಮ್ಮ ಪಡಸಾಲೆ ದಾಟಲು ಬಿಡುತ್ತಿರಲಿಲ್ಲ. "ಒಳಗ್ಯಾಕ?" ಎಂದರು.

"ಜಂಬಣ್ಣನ ಎರಡೂ ಕೂಸು ನಿಮ್ಮ ಒಳಮನ್ಯಾಗ ನನ್ನ ಕೈಯಾಗ ಹುಟ್ಟಿದ್ವು ಯವ್ವಾ. ಅವತ್ತು ನೀವ ಕೈ ಹಿಡಿದು ಕರ್ಕೊಂಡು ಹೋಗಿದ್ರಿ."

ಅತ್ತೆ ಬಾಗಿಲಿನಿಂದ ಪಕ್ಕಕ್ಕೆ ಸರಿದರು. ಸುಂಕಮ್ಮಕ್ಕ ಬಚ್ಚಲ ಹಿಂದೆ ಬಹಳ ಹೊತ್ತು ಇದ್ದರು. ಬಂದಾಗ ಚೊಂಬು ಖಾಲಿ ಇತ್ತು. ನನ್ನ ಮುಖ ನೋಡಿ, "ನಾಳೆ ಎಲ್ಲಾರನ್ನೂ ಕರಸ್ತೀನಿ. ಕೇಳೋದು ನಿನಗ ಕಷ್ಟ ಆಗ್ತೈತಿ" ಎಂದರು.

ಮರುದಿನ ಒಂಬತ್ತು ಗಂಟೆಗೆ ಪಡಸಾಲೆಯಲ್ಲಿ ಎಲ್ಲರೂ ಸೇರಿದೆವು. ಓಬಳೇಶ ದುರುಗಪ್ಪನನ್ನು ಬೇಡಿ ಹಾಕಿಯೇ ತಂದಿದ್ದ. ಹುಲುಗಮ್ಮ ಅಂಗಳದಲ್ಲಿ ನಿಂತಳು. ಭಾವ ಕಂಬಕ್ಕೆ ಒರಗಿದ್ದರು, ಅತ್ತೆ ಬಾಗಿಲ ಮರೆಯಲ್ಲಿದ್ದರು.

"ಮೊದಲು ಆ ದಂಟು" ಎಂದು ಶುರುಮಾಡಿದರು ಸುಂಕಮ್ಮಕ್ಕ. "ಮನುಷ್ಯಾನ್ನ ಕೊಲ್ಲಾಕ ಬೋನು ಇಟ್ಟಾವ ಗುರುತು ನೆಡಂಗಿಲ್ಲ. ತಾನ ತುಳಿದೇನು ಅಂತ ಅಂಜಿದಾವ ನೆಡ್ತಾನ. ಅಂದ್ರ ಇಟ್ಟಾವ ಆ ಕಂಡ್ಯಾಗ ದಿನಾ ಓಡಾಡಾವ, ಹಂದಿಗಂತ ಇಟ್ಟಾವ. ಆದ್ರ ಕಸುಬಿನವ ಅಲ್ಲ. ಕಸುಬಿನವ ಆಡು ತಿನ್ನೋದನ್ನ ನೆಡಂಗಿಲ್ಲ."

"ಮಣ್ಣು?" ಎಂದ ಓಬಳೇಶ.

"ಅದಕ್ಕ ಮೇಣ ಕಲಸ್ಯಾರ. ನಿನ್ನಿ ಸಿಕ್ಕ ನೂಲು, ಮೇಣದಬತ್ತಿ ಒಳಗಿನ ಬತ್ತಿ. ಸೀಮೆಎಣ್ಣಿ ಸ್ಟವ್ ಮ್ಯಾಲೆ ಕಾಸ್ಯಾರ, ಅದಕ್ಕ ಆ ವಾಸ್ನಿ. ದುರುಗಪ್ಪಾ, ಆ ವಾಸ್ನಿಗೆ ಹಂದಿ ಬರ್ತಾವೇನಪ?"

ಆರು ದಿನದಿಂದ ಬಾಯಿ ಬಿಡದ ದುರುಗಪ್ಪ, ಕಸುಬಿನ ಮಾತು ಬಂದ ಕೂಡಲೇ ತಡೆಯಲಾರದೆ, "ಹರದಾರಿ ದೂರದಿಂದ ತಿರುಗಿ ಹೋಗ್ತಾವ್ರಿ" ಎಂದ. "ನಾನಂತೂ ಮಳಿಗಾಲದಾಗ ಬೋನು ಇಡಂಗೇ ಇಲ್ಲ. ಕೆಸರು ಕಟ್ಟಿ ದವಡಿ ಮುಚ್ಚಂಗಿಲ್ಲ."

"ಕೇಳಿದ್ರಲ್ಲ. ಇವ್ನಿಗೆ ಮೇಣದ ಮಣ್ಣು ಗೊತ್ತ ಇಲ್ಲ. ಮತ್ತ ಯಾರಿಗೆ ಗೊತ್ತಿತ್ತು? ಪಂಚನಾಮೆದಾಗ ಒಣಮಣ್ಣು ಅಂತೈತಿ. ನಿನ್ನಿ ಹೊಲದಾಗ ನಾನೂ ಮೇಣ ಅಂದಿಲ್ಲ, ದಫೇದಾರನೂ ಅಂದಿಲ್ಲ. ಅಂದಾವ ಒಬ್ಬನ."

ಎಲ್ಲರೂ ಭಾವನತ್ತ ನೋಡಿದರು. ಅವರು ನೆಲ ನೋಡುತ್ತಿದ್ದರು.

"ಜಂಬಣ್ಣನ ಮಾಡ್ಯಾನ ಅಂತ ನಾನೂ ಒಂದು ತಾಸು ಅಂದುಕೊಂಡಿದ್ದೆ" ಎಂದರು ಸುಂಕಮ್ಮಕ್ಕ. "ಆದ್ರ ಇವನ ಮನ್ಯಾಗ ಸೌದಿ ಒಲಿ. ಸ್ಟವ್ ಇರೋದು ಈ ಮನ್ಯಾಗ. ಮೇಣದಬತ್ತಿ ಖಾಲಿ ಆಗಿದ್ದೂ ಈ ಮನ್ಯಾಗ. ನಿನ್ನಿ ಬಚ್ಚಲ ಹಿಂದ ನೆಲಕ್ಕ ನೀರು ಚೆಲ್ಲಿಕೋತ ಹ್ವಾದೆ. ಒಂದು ಕಡೆ ನೀರು ಉರುಳಿತು. ಮಣ್ಣು ಆರಾಕ ಅಲ್ಲೇ ಹರವ್ಯಾರ." ನನ್ನ ಕಡೆ ತಿರುಗಿದರು. "ತಂಗಿ, ಮಣ್ಣಿಗೆ ಮೇಣ ಹಾಕೋದು ಎಲ್ಲಾದ್ರೂ ಓದೀಯೇನು?"

ಓದಿದ್ದೆ. ಜುಲೈ ತಿಂಗಳಲ್ಲಿ, ಬೆಲ್ಲದ ಕಾಗದದಲ್ಲಿ. ಹಿಮ ಬೀಳುವ ದೇಶದ ಯಾರೋ ಬರೆದದ್ದು. ಒಣಗಿದ ಮಣ್ಣನ್ನು ಜರಡಿ ಹಿಡಿಯಬೇಕು. ಮೇಣ ಹೆರೆದು ಹಾಕಿ ಸಣ್ಣಗೆ ಕಾಸಿ, ಕಣಕಣಕ್ಕೂ ಹತ್ತುವಂತೆ ಕೈಯಾಡಿಸಬೇಕು. ಬೇಟೆಯ ಕಾಲದಲ್ಲಿ ಇದನ್ನು ಬೋನಿನ ಮೇಲೆ ಮುಚ್ಚಿದರೆ ನೆಲ ನೀರು ಕುಡಿದು ಹೆಪ್ಪುಗಟ್ಟುವುದಿಲ್ಲ, ಬೋನು ಸಿಕ್ಕಿಕೊಳ್ಳುವುದಿಲ್ಲ. ಸಾಲುಸಾಲಾಗಿ ಗಂಡನಿಗೆ ಕನ್ನಡದಲ್ಲಿ ಹೇಳಿದ್ದೆ. ಅವರು ಎರಡನೆಯ ಸಲ ಕೇಳಿದಾಗ, ನಗುತ್ತ ಮತ್ತೆ ಹೇಳಿದ್ದೆ. ಹೊಲದಲ್ಲಿ ನೀರು ಉರುಳಿದಾಗ ಅದು ಯಾಕೆ ನೆನಪಾಗಲಿಲ್ಲವೋ ತಿಳಿಯದು.

"ಅವರಿಗೆ ನಾನೇ ಓದಿ ಹೇಳಿದ್ದು" ಎಂದೆ.

ಬಾಗಿಲ ಮರೆಯಿಂದ ಅತ್ತೆಯ ಬಳೆಯ ಸದ್ದು ಕೇಳಿಸಿತು. ಭಾವ ಕಂಬದ ಬುಡದಲ್ಲಿ ಕುಳಿತರು.

"ಶುಕ್ರವಾರ ಅವ್ವ ಗುಡಿಗೆ ಹ್ವಾದಾಗ ನಾ ಇಲ್ಲಿಗೆ ಬಂದೆ. ತಮ್ಮ ಮಣ್ಣಿಗೆ ಮೇಣ ಹಾಕಿ ಕಾಸ್ತಿದ್ದ" ಎಂದರು. "ನಮ್ಮ ಮನ್ಯಾಗ ಪ್ರಾಣಿ ಕೊಲ್ಲೋ ಕೆಲಸ ಏನಲೇ ಅಂದೆ. ಕೊಲ್ಲಂಗಿಲ್ಲಣ್ಣ, ಹಿಡಿದು ದುರುಗಪ್ಪಗ ಕೊಡ್ತೀನಿ ಅಂದ. ನಾ ಬೈದು ಹ್ವಾದೆ. ಭಾನುವಾರ ಅವನ್ನ ಹಂಗ ನೋಡಿದ ಮ್ಯಾಲೆ, ಲಿಂಗವಂತರ ಹುಡುಗ ಹಂದಿ ಬೋನಿಗೆ ಸತ್ತ ಅಂತ ಊರು ಆಡಿಕೋಬಾರದು ಅನಿಸ್ತು. ಬಾಣಲಿ, ಸಾಣಿಗಿ ಎಲ್ಲಾ ಬಚ್ಚಲ ಅಟ್ಟಕ್ಕ ಒಗೆದೆ. ದುರುಗಪ್ಪನ್ನ ಸಂಜಿ ನೋಡಿದ್ದು ಸುಳ್ಳು. ತಿಂಗಳದಾಗ ಬಿಡ್ತಾರ ಅಂದುಕೊಂಡಿದ್ದೆ."

"ಮೂರು ಕಂಡಿ ಒಂದ ಥರ" ಎಂದರು ಸುಂಕಮ್ಮಕ್ಕ. "ರಾತ್ರಿ ಮಳ್ಯಾಗ ಬೋನು ನೋಡಾಕ ಹ್ವಾದ. ಆಡು ತಿಂದು ಗೇಣುದ್ದ ಉಳಿದ ದಂಟು ಕಾಣಲಿಲ್ಲ. ದಂಟು ಇಲ್ಲದ ಕಂಡಿ ಅಂತ ಕಾಲಿಟ್ಟ. ಯಾರೂ ಕೊಂದಿಲ್ಲ."

"ನೀ ಯಾಕಲೇ ಬಾಯಿ ಬಿಡಲಿಲ್ಲ?" ಓಬಳೇಶ ದುರುಗಪ್ಪನನ್ನು ಗದರಿದ.

"ಮನ್ಯಾಗ ಹೇಳಬ್ಯಾಡ ಅಂದು ಬೋನು ಒಯ್ದಿದ್ರು ಶಿವಯೋಗಪ್ಪ ಗೌಡ್ರು. ಹೂಂ ಅಂದಿದ್ದೆ" ಎಂದ ದುರುಗಪ್ಪ. "ಹೇಳಿದ್ರ ನೀವು ನಂಬ್ತಿದ್ರೇನು?"

ಓಬಳೇಶ ಬೇಡಿ ಬಿಚ್ಚಿದ. ಭಾವ ಹೊಸ ಹೇಳಿಕೆಗೆ ಸಹಿ ಹಾಕಿ, ದುರುಗಪ್ಪನ ಎದುರು ಏನೋ ಹೇಳಲು ನಿಂತರು. ದುರುಗಪ್ಪ ಕಾಯಲಿಲ್ಲ. ಹೆಂಡತಿಯ ಹಿಂದೆ ಅಂಗಳ ದಾಟಿದ.

ಸುಂಕಮ್ಮಕ್ಕ ಆ ಮಧ್ಯಾಹ್ನ ನಮ್ಮಲ್ಲೇ ಉಂಡರು. ಅತ್ತೆಯೇ ಬಡಿಸಿದರು.

ಮಾರನೆಯ ದಿನ ಅಟ್ಟದಿಂದ ಬಾಣಲೆ, ಮಣ್ಣು ಜರಡಿ ಹಿಡಿದಿದ್ದ ಸಾಣಿಗೆ ಇಳಿಸಿದೆ. ಬಾಣಲೆ ನಮ್ಮದು. ಸಾಣಿಗೆ ನಮ್ಮದಲ್ಲ. ತಗಡಿನ ಅಂಚು, ಹರಿದ ಕಡೆ ಬೇಲಿತಂತಿ ಹೆಣೆದು ರಿಪೇರಿ ಮಾಡಿದ್ದರು. ಅದರ ಕಣ್ಣುಗಳಲ್ಲಿ ಮೇಣ ಕೂತಿತ್ತು. ಬಿಸಿನೀರು ಕಾಸಿ ಸೂಜಿಯಿಂದ ಒಂದೊಂದೇ ಬಿಡಿಸಿದೆ. ಎರಡು ತಾಸು ಹಿಡಿಯಿತು.

ಬೋನು ತಂದ ಮನೆಯದೇ ಇರಬೇಕೆಂದು ಒಯ್ದೆ. ಹುಲುಗಮ್ಮ ತನ್ನ ಮನೆಯ ಬಾಗಿಲಲ್ಲಿ ಸಜ್ಜೆ ಕೇರುತ್ತಿದ್ದಳು. ಸಾಣಿಗೆ ಚಾಚಿದೆ. ಅವಳು ಅದನ್ನು ತಿರುಗಿಸಿ ನೋಡಿ ಅಂಗೈಯಿಂದ ಒಮ್ಮೆ ತಟ್ಟಿದಳು.

"ಒಂದಿನಕ್ಕಂತ ಒಯ್ದಿದ್ರು" ಎಂದಳು.

"ತಡ ಆತು" ಎಂದೆ.