ಆರನೇ ಪೆಟ್ಟಿಗೆಯ ವಿವರ ಚೀಟಿ

೨೦೦೨ರ ನವೆಂಬರ್ ೧೯, ಮಂಗಳವಾರ. ಮಧ್ಯಾಹ್ನ ೨-೪೦ಕ್ಕೆ ಹೊನ್ನೆಕಟ್ಟೆ ಪೊಲೀಸ್ ಠಾಣೆಗೆ ಒಬ್ಬ ಹೆಂಗಸು ಏದುಸಿರು ಬಿಡುತ್ತ ಬಂದರು. ಊರಿನ ಸರ್ಕಾರಿ ಪುರಾತತ್ವ ವಸ್ತುಸಂಗ್ರಹಾಲಯದ ಅಧಿಕಾರಿ ಪ್ರೇಮಕುಮಾರಿ. ಮ್ಯೂಸಿಯಂನಿಂದ ಠಾಣೆಗೆ ನಡೆದರೆ ಐದೇ ನಿಮಿಷ. ಅಷ್ಟು ದಾರಿಯನ್ನು ಅವರು ಓಡಿಕೊಂಡೇ ಬಂದಂತಿತ್ತು.

"ತಾಮ್ರಶಾಸನ ಇಲ್ಲ ಸಾರ್. ಆರನೇ ಪೆಟ್ಟಿಗೇಲಿ ಇದ್ದದ್ದು."

ಸಬ್ ಇನ್ಸ್‌ಪೆಕ್ಟರ್ ಓಂಕಾರಮೂರ್ತಿ ಕುರ್ಚಿ ತೋರಿಸಿದರು. "ಕೊನೇ ಸಲ ನೋಡಿದ್ದು ಯಾವಾಗ?"

"ಬೆಳಗ್ಗೆ ಹತ್ತಕ್ಕೆ. ದಿನಾ ಬಾಗಿಲು ತೆಗೆಯೋವಾಗ ಎಲ್ಲಾ ಪೆಟ್ಟಿಗೆ ನೋಡ್ತೀನಿ. ಒಂದೂವರೆಯಿಂದ ಎರಡರವರೆಗೆ ಊಟಕ್ಕೆ ಮುಚ್ಚಿರ್ತೀವಿ. ಮನೆಯಿಂದ ಬಂದು ನೋಡಿದ್ರೆ ಪೆಟ್ಟಿಗೆ ಖಾಲಿ."

ಲಿಖಿತ ದೂರನ್ನು ಪಡೆದು ಹೆಡ್ ಕಾನ್‌ಸ್ಟೇಬಲ್ ಹೂವಪ್ಪ ೮೭/೨೦೦೨ರ ಸಂಖ್ಯೆಯಲ್ಲಿ, ಐಪಿಸಿ ಕಲಂ ೩೮೦ರಡಿ ಎಫ್‌ಐಆರ್ ಬರೆದರು. ೩-೧೫ಕ್ಕೆ ಓಂಕಾರಮೂರ್ತಿಯೂ ಅವರೂ ಇಬ್ಬರು ಪಂಚರೊಂದಿಗೆ ಸ್ಥಳಕ್ಕೆ ಹೋದರು.

ಮ್ಯೂಸಿಯಂ ಎಂದರೆ ಹೆಂಚಿನ ಎರಡು ಕೋಣೆ. ಮೊದಲನೆಯದರಲ್ಲಿ ವೀರಗಲ್ಲು, ಮಾಸ್ತಿಕಲ್ಲುಗಳು. ಎರಡನೆಯದರಲ್ಲಿ ಗಾಜಿನ ಎಂಟು ಪೆಟ್ಟಿಗೆಗಳು. ಬಾಗಿಲ ಪಕ್ಕದ ಗೋಡೆಯ ಮೇಲೆ ಹಸಿರು ಬಣ್ಣದ ಹೊಸ ಫಲಕವಿತ್ತು: ನಾಗರಿಕ ಸನ್ನದು. ಕುಡಿಯುವ ನೀರು, ವಿವರಣೆ ಹೇಳುವ ಸಿಬ್ಬಂದಿ, ಶಾಲಾ ಮಕ್ಕಳಿಗೆ ಉಚಿತ ಪ್ರವೇಶ, ದೂರು ಪುಸ್ತಕದಲ್ಲಿ ಬರೆದ ಪ್ರತಿ ದೂರಿಗೆ ಹದಿನೈದು ದಿನಗಳೊಳಗೆ ಲಿಖಿತ ಉತ್ತರ. ಕೆಳಗೆ ಪ್ರೇಮಕುಮಾರಿಯವರ ಪದನಾಮ.

ಆರನೇ ಪೆಟ್ಟಿಗೆಯ ಗಾಜು ಒಡೆದಿರಲಿಲ್ಲ. ಬೀಗವನ್ನು ಕೀಲಿ ಹಾಕಿಯೇ ತೆಗೆದು, ಮತ್ತೆ ಹಾಕಲಾಗಿತ್ತು.

"ಕೀಲಿ ಯಾರ ಹತ್ರ ಇರುತ್ತೆ?"

"ನನ್ನ ಹತ್ರ ಒಂದು ಗೊಂಚಲು. ಇನ್ನೊಂದು ಕೆಂಚಯ್ಯನ ಮೇಜಿನ ಡ್ರಾಯರಿನಲ್ಲಿ."

ಕೆಂಚಯ್ಯ ಮ್ಯೂಸಿಯಂನ ಅಟೆಂಡರ್. ವಯಸ್ಸು ಐವತ್ತನಾಲ್ಕು. ಟಿಕೆಟ್ ಹರಿಯುವುದು, ಕಸ ಗುಡಿಸುವುದು, ಬಂದವರಿಗೆ ವಿವರಣೆ ಹೇಳುವುದು ಎಲ್ಲ ಅವನದೇ. ಅವನು ಗೋಡೆಗೆ ಒರಗಿ ನಿಂತಿದ್ದ.

"ಡ್ರಾಯರಿಗೆ ಬೀಗ ಹಾಕಿದ್ದೆಯಾ?"

"ಇಲ್ಲ ಸಾರ್. ಹಿಂದಿನ ಜಗಲೀಲಿ ಕೂತು ಉಂಡೆ."

"ಹಿಂದಿನ ಬಾಗಿಲು?"

"ತೆಗೆದೇ ಇತ್ತು."

"ಇವನದು ಇಪ್ಪತ್ತು ವರ್ಷದ ಸರ್ವಿಸ್ ಸಾರ್," ಎಂದರು ಪ್ರೇಮಕುಮಾರಿ. "ಇಲ್ಲಿವರೆಗೆ ಒಂದು ಗುಂಡುಸೂಜಿನೂ ಹೋಗಿಲ್ಲ."

ಪಂಚನಾಮೆ ಬರೆಯುತ್ತಿದ್ದ ಹೂವಪ್ಪ ತಲೆ ಎತ್ತಿದರು. "ಸಾರ್, ಬೇರೆ ಪೆಟ್ಟಿಗೇಲೆಲ್ಲ ವಿವರ ಬರೆದ ಚೀಟಿ ಇದೆ. ಇದರಲ್ಲಿ ಅದೂ ಇಲ್ಲ."

ಓಂಕಾರಮೂರ್ತಿ ಬಗ್ಗಿ ನೋಡಿದರು. ಕೆಂಪು ಬಟ್ಟೆಯ ಮೇಲೆ ಶಾಸನವಿದ್ದ ಗುರುತು ಕಡು ಬಣ್ಣದಲ್ಲಿ ಉಳಿದಿತ್ತು. ಅದರ ಕೆಳಗೆ ಚೀಟಿಯ ಗುರುತು. ಪಕ್ಕದ ಪೆಟ್ಟಿಗೆಯಲ್ಲಿ ಬೆಳ್ಳಿಯ ನಾಣ್ಯಗಳಿದ್ದವು. ಅದೇ ಗೊಂಚಲಿನಲ್ಲಿ ಅದರ ಕೀಲಿಯೂ ಇತ್ತು. ಕಳ್ಳ ಅದನ್ನು ಮುಟ್ಟಿರಲಿಲ್ಲ.

"ಚೀಟೀಲಿ ಏನು ಬರೆದಿತ್ತು?"

ಪ್ರೇಮಕುಮಾರಿ ದಾಖಲೆ ಪುಸ್ತಕ ತೆಗೆದು ಓದಿದರು. "ತಾಮ್ರಶಾಸನ. ಕಾಲ, ಹನ್ನೆರಡನೇ ಶತಮಾನ. ಶೋಧಿಸಿ ಕೊಡುಗೆಯಾಗಿ ನೀಡಿದವರು ಶ್ರೀ ಕೃಷ್ಣಪ್ಪನವರು, ಕಾಫಿ ಬೆಳೆಗಾರರು, ಜಾವಳಿ."

ಮಾರುವವನಿಗೆ ಆ ಚೀಟಿಯಿಂದ ಪ್ರಯೋಜನವಿಲ್ಲ. ಚೀಟಿಯ ಮೇಲೇ ಸಿಟ್ಟಿರುವ ಯಾರೋ ಮಾಡಿದ ಕೆಲಸವಿರಬೇಕು ಎಂದುಕೊಂಡು ಓಂಕಾರಮೂರ್ತಿ ದೂರು ಪುಸ್ತಕ ಕೇಳಿದರು. ಪುಟಗಳಿಗೆ ಸಂಖ್ಯೆ ಮುದ್ರಿಸಿದ್ದ ಪುಸ್ತಕ ಅದು. ೨೨ ಆದ ಮೇಲೆ ೨೫ ಇತ್ತು. ಒಂದು ಹಾಳೆಯನ್ನು ಬ್ಲೇಡಿನಿಂದ ನೀಟಾಗಿ ಕತ್ತರಿಸಿದ್ದರು.

"ಇದು?"

"ಗೊತ್ತಿಲ್ಲ ಸಾರ್," ಎಂದರು ಪ್ರೇಮಕುಮಾರಿ, ಸ್ವಲ್ಪ ತಡೆದು.

ಹಾಳೆಯ ಹಿಂದಿನ ದೂರು ಅಕ್ಟೋಬರ್ ೧೧ರದು, ಮುಂದಿನದು ನವೆಂಬರ್ ೨ರದು. ಆ ನಡುವೆ ಬಂದವರ ಹೆಸರುಗಳನ್ನು ಹೂವಪ್ಪ ಸಂದರ್ಶಕರ ಪುಸ್ತಕದಲ್ಲಿ ಒಂದೊಂದಾಗಿ ಓದುತ್ತ ಹೋದರು. ಅಕ್ಟೋಬರ್ ೨೬, ಶನಿವಾರ: ಗುರುವಯ್ಯ, ಜಾವಳಿ, ಎಡಗೈ ಹೆಬ್ಬೆಟ್ಟು. ಅದರ ಪಕ್ಕ ಗುಂಡಗಿನ ಅಕ್ಷರದಲ್ಲಿ, ಪವಿತ್ರಾ, ಏಳನೇ ತರಗತಿ.

ಜಾವಳಿ ಎಂಬ ಊರಿನ ಹೆಸರು ಚೀಟಿಯಲ್ಲೂ ಇತ್ತು.

"ಇವರು ಯಾರು ಕೆಂಚಯ್ಯ?"

"ಎಷ್ಟೋ ಜನ ಬರ್ತಾರೆ ಸಾರ್."

ಸಂಜೆ ೫-೩೦ಕ್ಕೆ ಓಂಕಾರಮೂರ್ತಿ ಠಾಣೆಯಿಂದ ಕೃಷ್ಣಪ್ಪನವರಿಗೆ ಫೋನ್ ಮಾಡಿದರು.

"ಗುರುವಯ್ಯನಾ? ನಮ್ಮ ಎಸ್ಟೇಟಿನ ಆಳು ಮಾರಾಯ್ರೆ," ಎಂದರು ಕೃಷ್ಣಪ್ಪ. "ಗಿಡದ ಗುಂಡಿ ತೆಗೆಯೋವಾಗ ಅವನ ಹಾರೆಗೆ ಅದು ಸಿಕ್ಕಿದ್ದು ಹೌದು. ಜಾಗ ನಂದಲ್ವಾ? ಅದಕ್ಕೇ ನನ್ನ ಹೆಸರು ಹಾಕಿದಾರೆ. ಅವನಿಗೆ ಅದೊಂದು ಸಿಟ್ಟು ಹೊಟ್ಟೆಯೊಳಗೆ ಇದೆ. ವಿಚಾರಿಸಿ ನೋಡಿ."

ನವೆಂಬರ್ ೨೦, ಬೆಳಗ್ಗೆ ೮-೫೦. ಜೀಪು ಎಸ್ಟೇಟಿನೊಳಗೆ ಹೋದಾಗ ಅರೇಬಿಕಾ ಕುಯ್ಲು ನಡೆಯುತ್ತಿತ್ತು. ಗುರುವಯ್ಯ ಸೊಂಟಕ್ಕೆ ಕಟ್ಟಿದ್ದ ಚೀಲವನ್ನು ಬಿಚ್ಚಿ, ಕುಯ್ದ ಹಣ್ಣನ್ನು ಮೇಸ್ತ್ರಿಯ ಮುಂದೆ ಸುರಿದು, ಕೈ ಒರೆಸಿಕೊಂಡು ಬಂದ. ಅರವತ್ತು ದಾಟಿದ ತೆಳ್ಳನೆಯ ಮನುಷ್ಯ. ನಲವತ್ತು ಜನ ಗಿಡಗಳ ನಡುವೆ ನಿಂತು ನೋಡುತ್ತಿದ್ದರು. ಕೂಲಿಯವರ ಸಾಲುಮನೆಗಳ ಲೈನಿನಲ್ಲಿದ್ದ ಅವನ ಮನೆಯನ್ನು ಶೋಧಿಸಿದರು. ಹೆಂಡತಿ ಅಣ್ಣಮ್ಮ ಪಾತ್ರೆಗಳನ್ನು ತಾನೇ ಒಂದೊಂದಾಗಿ ಅಂಗಳಕ್ಕೆ ತಂದಿಟ್ಟಳು. ಏನೂ ಸಿಗಲಿಲ್ಲ.

ಗುರುವಯ್ಯನನ್ನು ಹತ್ತಿಸಿಕೊಂಡು ಠಾಣೆಗೆ ಹೋಗುವ ದಾರಿಯಲ್ಲಿ ಜೀಪು ಮ್ಯೂಸಿಯಂ ಮುಂದೆ ನಿಂತಿತು. ಓಂಕಾರಮೂರ್ತಿ ಕೆಂಚಯ್ಯನನ್ನು ಹೊರಗೆ ಕರೆದರು. "ನಿನ್ನೆ ಬಂದಿದ್ದವರಲ್ಲಿ ಇವನಿದ್ದನಾ?"

ಕೆಂಚಯ್ಯ ಜೀಪಿನ ಚಕ್ರವನ್ನು ನೋಡುತ್ತ ಹೇಳಿದ. "ನಿನ್ನೆ ಬಂದಿಲ್ಲ ಸಾರ್."

"ಸರಿಯಾಗಿ ನೋಡಿ ಹೇಳು."

"ಇಲ್ಲ ಸಾರ್." ಅವನು ಒಳಗೆ ಹೋದ.

ಠಾಣೆಯಲ್ಲಿ ಯಾರೋ ಗುರುವಯ್ಯನನ್ನು ಲಾಕಪ್ಪಿನ ಪಕ್ಕ ನೆಲದ ಮೇಲೆ ಕೂರಿಸಿದರು. ಕೂರಿಸಿ ಎಂದು ಓಂಕಾರಮೂರ್ತಿ ಹೇಳಿರಲಿಲ್ಲ. ಬೇಡ ಎಂದೂ ಹೇಳಲಿಲ್ಲ.

"ಶಾಸನ ಎಲ್ಲಿಟ್ಟಿದ್ದೀಯ?"

"ಮ್ಯೂಸಿಯಮ್ಮಲ್ಲಿ ಸ್ವಾಮಿ. ತೊಂಬತ್ಮೂರರಲ್ಲೇ ಕೊಟ್ಟಾಯ್ತಲ್ಲ."

"ಮೊನ್ನೆ ಅಕ್ಟೋಬರಿನಲ್ಲಿ ಯಾಕೆ ಹೋಗಿದ್ದೆ?"

"ಮೊಮ್ಮಗಳು ಕರಕೊಂಡು ಹೋದ್ಲು."

"ಯಾಕೆ?"

ಗುರುವಯ್ಯ ಮುಖ ತಿರುಗಿಸಿದ. ಮಧ್ಯಾಹ್ನ ಮತ್ತೆರಡು ಸಲ ಕೇಳಿದರೂ ಬಾಯಿ ಬಿಡಲಿಲ್ಲ. ಹೂವಪ್ಪ ತಂದುಕೊಟ್ಟ ಚಹಾ ಅವನ ಮುಂದೆ ಆರಿಹೋಯಿತು.

ಸಂಜೆ ೫-೧೦ಕ್ಕೆ ಶಾಲೆಯ ಸಮವಸ್ತ್ರದಲ್ಲಿದ್ದ ಹುಡುಗಿಯೊಬ್ಬಳು ಠಾಣೆಯ ಮೆಟ್ಟಿಲು ಹತ್ತಿದಳು. ಜೊತೆಗೆ ಅಣ್ಣಮ್ಮ. ಹುಡುಗಿ ನೆಲದ ಮೇಲೆ ಕೂತ ಅಜ್ಜನನ್ನು ನೋಡಿ ಒಂದು ಕ್ಷಣ ನಿಂತಳು. ಆಮೇಲೆ ನೇರ ಮೇಜಿನ ಹತ್ತಿರ ಬಂದು ಪ್ಲಾಸ್ಟಿಕ್ ಕವರಿನಿಂದ ಮಡಿಚಿದ ಕಾಗದವನ್ನು ತೆಗೆದಿಟ್ಟಳು.

೧೯೯೩ರ ಮಾರ್ಚ್ ೧೪ರ ರಸೀದಿ. ಮ್ಯೂಸಿಯಂನ ಮೊಹರು, ಆಗಿನ ಅಧಿಕಾರಿಯ ಸಹಿ. "ಶೋಧಿಸಿ ತಂದುಕೊಟ್ಟವರು: ಗುರುವಯ್ಯ, ತೋಟದ ಕೂಲಿ. ಪ್ರದರ್ಶನದಲ್ಲಿ ಇವರ ಹೆಸರನ್ನು ನಮೂದಿಸಲಾಗುವುದು." ಕೆಳಗೆ ಸಾಕ್ಷಿಯ ಸಹಿ: ಕೆಂಚಯ್ಯ.

ಓಂಕಾರಮೂರ್ತಿ ಅದನ್ನು ಎರಡು ಸಲ ಓದಿದರು.

"ಮ್ಯೂಸಿಯಂಗೆ ಯಾಕೆ ಹೋಗಿದ್ರಿ ಪವಿತ್ರಾ?"

"ಅದಕ್ಕೆ ಮುಂಚೆ ನಮ್ಮ ಕ್ಲಾಸಿನವರನ್ನ ಕರಕೊಂಡು ಹೋಗಿದ್ರು ಸಾರ್. ಇದು ನಮ್ಮಜ್ಜಂಗೆ ಸಿಕ್ಕಿದ್ದು ಅಂತ ನಾನು ಎಲ್ರಿಗೂ ಹೇಳ್ದೆ. ಚೀಟೀಲಿ ನೋಡಿದ್ರೆ ಸಾವ್ಕಾರ್ರ ಹೆಸರು. ಎಲ್ರೂ ನಗಾಡಿದ್ರು. ಈ ಹುಡುಗಿ ಹೇಳೋದು ನಿಜನಾ ಅಂತ ಮಿಸ್ಸು ಅಲ್ಲಿಯವರನ್ನ ಕೇಳಿದ್ರು."

"ಅಲ್ಲಿಯವರು ಅಂದ್ರೆ?"

"ವಿವರಣೆ ಹೇಳ್ತಾರಲ್ಲ, ಅವರು. ಚೀಟೀಲಿ ಇರೋದೇ ಸರಿ ಅಂದ್ರು. ಸುಳ್ಳು ಹೇಳಿದ್ದಕ್ಕೆ ಎಲ್ರ ಮುಂದೆ ತಪ್ಪಾಯ್ತು ಅನ್ನು ಅಂದ್ರು ಮಿಸ್ಸು. ಅಂದೆ." ಅವಳು ಖಾಲಿ ಕವರನ್ನು ಮಡಿಚಿದಳು. "ಆಮೇಲೆ ಅಜ್ಜನ್ನ ಕರಕೊಂಡು ಹೋಗಿ ದೂರಿನ ಪುಸ್ತಕದಲ್ಲಿ ಬರೆದೆ. ಹದಿನೈದು ದಿನ ಅಂತ ಗೋಡೇಲಿ ಇತ್ತು. ದಿನಾ ಪೋಸ್ಟಿನವರನ್ನ ಕೇಳ್ತಿದ್ದೆ."

"ಇದನ್ನ ನೀನು ಯಾಕೆ ಹೇಳಲಿಲ್ಲ ಗುರುವಯ್ಯ?"

"ಮಗು ಎಲ್ರ ಮುಂದೆ ಸುಳ್ಳಿ ಅನ್ನಿಸ್ಕೊಂಡಿದ್ದನ್ನ ನಾನು ಹೆಂಗೆ ಬಾಯಿಬಿಟ್ಟು ಹೇಳ್ಲಿ ಸ್ವಾಮಿ?"

ಓಂಕಾರಮೂರ್ತಿ ಎದ್ದು ಹೋಗಿ ತಾವೇ ಒಂದು ಕುರ್ಚಿಯನ್ನು ಎಳೆದು ತಂದರು. "ಕೂತ್ಕೊಳ್ಳಿ." ಗುರುವಯ್ಯ ನೆಲದಿಂದ ಎದ್ದ. ಆದರೆ ಕೂರಲಿಲ್ಲ. ಮೊಮ್ಮಗಳ ಕೈ ಹಿಡಿದು, "ಕಡೇ ಬಸ್ಸು ಆರಕ್ಕೆ ಹೋಗ್ತದೆ," ಎಂದ. ಜೀಪಿನಲ್ಲಿ ಬಿಟ್ಟುಬರುತ್ತೇವೆ ಎಂದಾಗ ಬೇಡ ಎಂದ. ಲೈನಿನವರು ಒಂದು ದಿನಕ್ಕೆ ಒಂದು ಸಲ ಜೀಪು ನೋಡಿದ್ದೇ ಸಾಕಾಗಿತ್ತು.

೬-೧೫ಕ್ಕೆ ಪ್ರೇಮಕುಮಾರಿಯವರ ಮನೆಯಲ್ಲಿ ಓಂಕಾರಮೂರ್ತಿ ಒಂದೇ ಪ್ರಶ್ನೆ ಕೇಳಿದರು. "ಹಾಳೆ ಎಲ್ಲಿ ಮೇಡಮ್?"

ಅವರು ಒಳಗೆ ಹೋಗಿ ಒಂದು ಪುಸ್ತಕದ ನಡುವಿನಿಂದ ಹಾಳೆಯನ್ನು ತಂದು ಕೊಟ್ಟರು.

"ಇಪ್ಪತ್ತಾರಕ್ಕೆ ಮೇಲಿನವರ ಇನ್‌ಸ್ಪೆಕ್ಷನ್ ಇದೆ ಸಾರ್. ಉತ್ತರ ಯಾಕೆ ಕೊಟ್ಟಿಲ್ಲ ಅಂತ ಕೇಳ್ತಾರೆ. ಏನು ಉತ್ತರ ಕೊಡೋದು? ಹಿಂದಿನವರು ತಪ್ಪು ಬರೆದಿದಾರೆ ಅಂತ ಕೊಟ್ರೆ ಕೃಷ್ಣಪ್ಪನವರು ಬಿಡ್ತಾರಾ? ಸೋಮವಾರ ರಜಾ. ಆದರೂ ಹೋಗಿ ಕತ್ತರಿಸಿದೆ. ಹರಿದು ಬಿಸಾಕೋಕೆ ಮನಸ್ಸು ಬರ್ಲಿಲ್ಲ." ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಆ ಫಲಕ ಬರೆಸಿದ್ದು ನಾನೇ ಸಾರ್."

"ಕತ್ತರಿಸೋವಾಗ ಯಾರಾದ್ರೂ ನೋಡಿದ್ರಾ?"

"ಕೆಂಚಯ್ಯ ಇದ್ದ. ಗಿಡಕ್ಕೆ ನೀರು ಹಾಕೋಕೆ ಬಂದಿದ್ದ. ಏನೂ ಕೇಳಲಿಲ್ಲ."

ನವೆಂಬರ್ ೨೧, ಬೆಳಗ್ಗೆ ೭-೪೦. ಕೆಂಚಯ್ಯ ತನ್ನ ಮನೆಯ ಅಂಗಳದಲ್ಲಿ ಕೂತಿದ್ದ, ಅಂಗಿ ಹಾಕಿಕೊಂಡು, ಕಾಯುತ್ತಿದ್ದವನ ಹಾಗೆ. ಓಂಕಾರಮೂರ್ತಿ ರಸೀದಿಯನ್ನು ಅವನ ಮುಂದೆ ಹಿಡಿದರು.

"ಈ ಸಹಿ ಯಾರದು?"

"ನಂದು."

"ಶಾಸನ?"

"ಅಟ್ಟದ ಮೇಲಿದೆ ಸಾರ್. ಚೀಟಿನೂ ಅಲ್ಲೇ ಇದೆ."

"ಹೇಗೆ ತಂದೆ?"

"ಊಟದ ಚೀಲದಲ್ಲಿ."

ಹಳೆಯ ಟವೆಲಿನಲ್ಲಿ ಸುತ್ತಿಟ್ಟಿದ್ದ ಶಾಸನವನ್ನೂ ಚೀಟಿಯನ್ನೂ ೮-೨೦ಕ್ಕೆ ಪಂಚರ ಸಮಕ್ಷಮ ಜಪ್ತಿ ಮಾಡಿದರು. ಶಾಸನಕ್ಕೆ ಒಂದು ಗೀರೂ ಆಗಿರಲಿಲ್ಲ. ೮-೩೫ಕ್ಕೆ ಕೆಂಚಯ್ಯನ ದಸ್ತಗಿರಿ. ಕಲಂ ೩೮೦ರ ಬದಲು, ನೌಕರನೇ ಮಾಡಿದ ಕಳವಿಗೆ ಹಾಕುವ ೩೮೧ನ್ನು ನಮೂದಿಸಿದರು.

ಠಾಣೆಯಲ್ಲಿ ಅವನ ಹೇಳಿಕೆಯನ್ನು ಹೂವಪ್ಪ ಬರೆದುಕೊಂಡರು.

"ಶಾಸನ ತಂದುಕೊಟ್ಟ ದಿನ ಭಾನುವಾರ ಸಾರ್. ಗುರುವಯ್ಯ ಮುಂಡಾಸಿನಲ್ಲಿ ಸುತ್ತಿಕೊಂಡು ನಡೆದೇ ಬಂದಿದ್ದ. ನಿನ್ನ ಹೆಸರು ಗಾಜಿನೊಳಗೆ ಇರ್ತದೆ ಅಂತ ನಾನೇ ಅವನಿಗೆ ಓದಿ ಹೇಳ್ದೆ. ತಿಂಗಳಾದ್ಮೇಲೆ ಕೃಷ್ಣಪ್ಪನೋರು ಬಂದ್ರು. ಆಗಿನ ಸಾಹೇಬ್ರು ಚೀಟಿ ಬದಲಾಯಿಸಿದ್ರು. ನಾನಾಗ ದಿನಗೂಲಿ. ಅದೇ ವರ್ಷ ಕೃಷ್ಣಪ್ಪನೋರು ಒಂದು ಮಾತು ಹೇಳಿ ನನ್ನ ಕೆಲಸ ಕಾಯಂ ಆಯ್ತು. ಸುಮ್ನಾದೆ."

"ಹುಡುಗಿ ಬಂದಾಗ?"

"ಅವನ ಮೊಮ್ಮಗಳು ಅಂತ ಗೊತ್ತಾಯ್ತು. ಆದ್ರೂ ಚೀಟೀಲಿ ಇರೋದೇ ಸರಿ ಅಂದೆ. ಆಮೇಲೆ ಗುರುವಯ್ಯನೇ ಬಂದ. 'ಕೆಂಚಯ್ಯಣ್ಣ, ಚೆನ್ನಾಗಿದ್ಯಾ' ಅಂದ. ನಾನು 'ಟಿಕೆಟ್ ತಗೊಳ್ಳಿ' ಅಂದೆ ಸಾರ್. ಗುರ್ತವೇ ಇಲ್ದೋರಿಗೆ ಹೇಳಿದಂಗೆ."

"ಕದ್ದದ್ದು ಯಾಕೆ?"

"ಹಾಳೆ ಕತ್ತರಿಸಿದ್ದು ನೋಡ್ದೆ. ಇನ್ನು ಆ ಮಗೂಗೆ ಉತ್ತರ ಹೋಗಲ್ಲ ಅಂತಾಯ್ತು. ದೂರು ಬರೆದ್ರೆ ಯಾರೂ ಬರಲ್ಲ, ಕಳವಾದ್ರೆ ನೀವು ಬರ್ತೀರಿ. ಹಳೇ ಕಾಗದ ಎಲ್ಲ ತೆಗೆಸ್ತೀರಿ, ನಿಜ ಗೊತ್ತಾಗ್ತದೆ ಅಂದ್ಕೊಂಡೆ."

"ಬಾಯಿಬಿಟ್ಟು ಹೇಳಬಹುದಿತ್ತಲ್ಲ?"

"ಬಾಯಿ ಬರ್ಲಿಲ್ಲ."

"ನಿನ್ನೆ ಗುರುವಯ್ಯ ಜೀಪಿನಲ್ಲಿ ಕೂತಿದ್ದಾಗ?"

ಕೆಂಚಯ್ಯ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. "ಆಗಲೂ ಬರ್ಲಿಲ್ಲ ಸಾರ್."

೧೧-೩೦ಕ್ಕೆ ಅವನನ್ನು ಮೂಡಿಗೆರೆಯ ನ್ಯಾಯಾಲಯಕ್ಕೆ ಕರೆದೊಯ್ಯಲು ಜೀಪು ಸಿದ್ಧವಾಯಿತು. ಸಾಕ್ಷಿ ಹೇಳಿಕೆ ಕೊಡಲು ಬಂದಿದ್ದ ಗುರುವಯ್ಯ ಜಗಲಿಯಲ್ಲಿ ನಿಂತಿದ್ದ. ನಡೆದದ್ದನ್ನೆಲ್ಲ ಹೂವಪ್ಪ ಅವನಿಗೆ ತಿಳಿಸಿದ್ದರು. ಕೆಂಚಯ್ಯ ತಲೆ ತಗ್ಗಿಸಿ ದಾಟಿಹೋಗಲು ನೋಡಿದ.

"ಕೆಂಚಯ್ಯಣ್ಣ," ಎಂದ ಗುರುವಯ್ಯ. ಕೆಂಚಯ್ಯ ನಿಂತ.

"ಹೆಸರು ಹಾಕದಿದ್ರೆ ಹೋಗ್ಲಿ ಮಾರಾಯ. ದೊಡ್ಡೋರ ಹೆಸರು ಹಾಕಿದಾರೆ, ನೀನು ಏನು ಮಾಡ್ತಿದ್ದೆ? ಅವತ್ತು ಬಾಗಿಲಲ್ಲಿ ಒಂದು ಸಲ ಗುರ್ತ ಹಿಡೀಬೋದಿತ್ತು. ಮಗು ಮುಂದೆ."

ಕಾನ್‌ಸ್ಟೇಬಲ್ ಮೆಲ್ಲಗೆ ತೋಳು ಹಿಡಿದು ಕೆಂಚಯ್ಯನನ್ನು ಜೀಪಿಗೆ ಹತ್ತಿಸಿದ.

ಓಂಕಾರಮೂರ್ತಿ ಒಳಗೆ ಬಂದು ಕೇಸ್ ಡೈರಿ ತೆರೆದರು. ಆರೋಪಿಗೆ ಲಾಭದ ಉದ್ದೇಶವಿರಲಿಲ್ಲವೆಂದೂ, ಒಂಬತ್ತು ವರ್ಷ ಸುಮ್ಮನಿದ್ದುದರ ನಾಚಿಕೆಯಿಂದ ಈ ಕೃತ್ಯ ಎಸಗಿರುವುದಾಗಿ ಒಪ್ಪಿಕೊಂಡಿದ್ದಾನೆಂದೂ ಬರೆದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಜಗಲಿಯಲ್ಲಿ ಗುರುವಯ್ಯ ಇನ್ನೂ ನಿಂತೇ ಇದ್ದುದು ಕಿಟಕಿಯಿಂದ ಕಾಣುತ್ತಿತ್ತು. ಅವರು ಹಿಂದಿನ ದಿನದ ಪುಟಕ್ಕೆ ತಿರುಗಿ, ಕೆಳಗೆ ಉಳಿದಿದ್ದ ಜಾಗದಲ್ಲಿ ಇನ್ನೊಂದು ಸಾಲು ಸೇರಿಸಿದರು: "ಗುರುವಯ್ಯ ಎಂಬುವರನ್ನು ಯಾವುದೇ ಆಧಾರವಿಲ್ಲದೆ ಇಡೀ ದಿನ ಠಾಣೆಯ ನೆಲದ ಮೇಲೆ ಕೂರಿಸಲಾಗಿತ್ತು. ತಪ್ಪು ನನ್ನದು."

ದಿನಾಂಕ ಹಾಕಿ, ಪೂರ್ತಿ ಹೆಸರು ಬರೆದು ಸಹಿ ಮಾಡಿದರು.